ಸಿಹಿಗುಂಬಳ ಮತ್ತು ಹಣ್ಣಿನ ಸೂಪು (ಗೋವಾ)

ಬೇಯಿಸಿದ ಸಿಹಿಗುಂಬಳವನ್ನು ಹುಳಿಸಿಹಿ ಹಣ್ಣಿನ ಜೊತೆ ನುಣ್ಣಗೆ ರುಬ್ಬಿ, ಹಾಲಿನ ಕೆನೆಯನ್ನೋ ತೆಂಗಿನ ಹಾಲನ್ನೋ ಕೂಡಿಸಿ, ಊಟದ ಮೊದಲಿಗೆ ಬಿಸಿಯಾಗಿ ಬಡಿಸುವ ಮಂದ ಸಾರು. ಯುರೋಪು ಮತ್ತು ಉತ್ತರ ಅಮೆರಿಕದಲ್ಲಿ ಇದು ಸೆಪ್ಟೆಂಬರಿನಿಂದ ನವೆಂಬರ್ ತನಕದ ಅಡುಗೆ. ಅಲ್ಲಿ ಕುಂಬಳಕ್ಕೆ ಜೋಡಿ ಸೇಬು ಇಲ್ಲವೆ ಪಿಯರ್, ಮೇಲೆ ಹಸುವಿನ ಹಾಲಿನ ಕೆನೆ. ಗೋವಾದಲ್ಲಿ ಅದೇ ತಿಂಗಳುಗಳಲ್ಲಿ, ಎಂದರೆ ಗಣೇಶ ಚೌತಿಯಿಂದ ತುಳಸಿ ಮದುವೆಯ ತನಕ, ಕುಂಬಳ, ಅಂಬಾಡೆ (ಅಮಟೆಕಾಯಿ), ಅನಾನಸು, ತೆಂಗಿನಕಾಯಿ ಒಟ್ಟಿಗೇ ಕೈಗೆ ಸಿಗುತ್ತವೆ. ರುಬ್ಬಿ ಸೋಸಿದ ಸೂಪೆಂಬ ರೂಪ ಇಲ್ಲಿನ ಹಿಂದೂ ಮನೆಗಳಿಗೆ ಹೊಸದು. ಸಿಹಿಯನ್ನು ಹುಳಿಯಿಂದ ತಿದ್ದುವ, ತೆಂಗಿನಿಂದ ಮಂದ ಮಾಡುವ ಕ್ರಮಗಳು ಮಾತ್ರ ಖತ್ಖತೆ, ವಳವಳ, ಸಾಸಂವ್ ಮುಂತಾದ ಅಡುಗೆಗಳಲ್ಲಿ ಬಹು ಹಿಂದಿನಿಂದ ಇವೆ. ಈ ಸೂಪನ್ನು ಚೆನ್ನಾಗಿ ಮಾಡಬೇಕೆಂದರೆ ಪರದೇಶದ ಪಾಕಪುಸ್ತಕಕ್ಕಿಂತ ಆ ಹಳೆಯ ಅಡುಗೆಗಳನ್ನು ನೋಡುವುದು ಲೇಸು.

ಕುಂಬಳ

ಸೋರೆ, ಸೌತೆಗಳ ಬಳಗದ ಕುಕುರ್ಬಿಟ ಕುಲಕ್ಕೆ ಸೇರಿದ ಕುಂಬಳಗಳ ತವರು ಅಮೆರಿಕ ಖಂಡ. ಮೆಕ್ಸಿಕೋದ ಒಆಹಾಕಾ ಪ್ರಾಂತದ ಗಿಲಾ ನಾಕಿಟ್ಸ್ ಗುಹೆಯಲ್ಲಿ ಸಿಕ್ಕ, ಮನುಷ್ಯರು ಬೆಳೆಸಿದ ಕುಂಬಳದ ಬೀಜಗಳು ಸುಮಾರು 10,000 ವರ್ಷ ಹಳೆಯವೆಂದು ನಿರ್ಧರಿಸಲಾಗಿದೆ. ಅಡುಗೆಗೆ ಮುಖ್ಯವಾದವು ಮೂರು ಜಾತಿ: ಪೆಪೊ, ಮ್ಯಾಕ್ಸಿಮ, ಮಾಸ್ಕಾಟ. ಭಾರತದ ಸಂತೆಗಳಲ್ಲಿ ಹೆಚ್ಚಾಗಿ ಕಾಣುವುದು ಮಾಸ್ಕಾಟ. ಪಾಶ್ಚಾತ್ಯ ಸೂಪುಗಳಲ್ಲಿ ಹೆಸರಾದ ಬಟರ್‌ನಟ್ ಕುಂಬಳ ಕೂಡ ಇದೇ ಜಾತಿಯದು. 1940ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಚಾರ್ಲ್ಸ್ ಲೆಗೆಟ್ ಎಂಬಾತ ಅದನ್ನು ರೂಪಿಸಿದ. ಎಂದಮೇಲೆ ಬಟರ್‌ನಟ್ ಸಿಗಲಿಲ್ಲವೆಂದು ಪೇಚಾಡಬೇಕಿಲ್ಲ. ಬುಟ್ಟಿಯಲ್ಲಿರುವ ನಮ್ಮ ಕುಂಬಳ ಅದರ ದಾಯಾದಿಯೇ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಚಂದನ್ ತಳಿ 2-3 ಕಿಲೊ ತೂಗುತ್ತದೆ, ತಿರುಳು ಗಟ್ಟಿ, ಕಿತ್ತಳೆ ಬಣ್ಣ ದಟ್ಟ. ಸೂಪಿಗೆ ಹೇಳಿ ಮಾಡಿಸಿದ್ದು. ಅದೇ ಸಂಸ್ಥೆಯ ಅರ್ಕಾ ಸೂರ್ಯಮುಖಿ ಮ್ಯಾಕ್ಸಿಮ ಜಾತಿಯ ಚಿಕ್ಕ ಕಾಯಿ, ನಾಲ್ಕು ಜನರ ಮನೆಗೆ ಒಂದು ಹೊತ್ತಿಗೆ ಸಾಕು.

ಬೂದುಗುಂಬಳದ ಕತೆ ಬೇರೆ. ಅದು ಏಷ್ಯಾದ ಹಳೆಯ ಬೆಳೆ, ಕುಲವೂ ಬೇರೆ. ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದ ಕಾಲಕ್ಕೂ ಪೋರ್ಚುಗೀಸರ ಅಫೊನ್ಸೊ ಡಿ ಆಲ್ಬುಕರ್ಕ್ 1510ರಲ್ಲಿ ಗೋವಾವನ್ನು ಹಿಡಿದ ಕಾಲಕ್ಕೂ ಹೆಚ್ಚಿನ ಅಂತರವಿಲ್ಲ. ಮಂಗರಸನ ಅಡುಗೆಮನೆಯಲ್ಲಿ ಕೆಂಪು ತಿರುಳಿನ ಈ ಕುಂಬಳವಾಗಲಿ, ಮೆಣಸಿನಕಾಯಿ, ಅನಾನಸು, ಗೋಡಂಬಿಗಳಾಗಲಿ ಇರುವಂತಿರಲಿಲ್ಲ. ಮುಂದಿನ ನೂರು ವರ್ಷಗಳಲ್ಲಿ ಪೋರ್ಚುಗೀಸರ ಹಡಗುಗಳ ಹಾದಿ ಹಿಡಿದು ಅಮೆರಿಕದ ಬೆಳೆಗಳು ಪಶ್ಚಿಮ ಕರಾವಳಿಗೆ ಬಂದವು. ಕೆಲವು ಬೆಳೆಗಳನ್ನು ದೇವರ ನೈವೇದ್ಯಕ್ಕೆ ಒಲ್ಲೆವೆಂದ ಮನೆತನಗಳು ಇಂದಿಗೂ ಇವೆ. ಸಿಹಿಗುಂಬಳ ಮಾತ್ರ ಬಹುತೇಕ ಎಲ್ಲ ಕಡೆ ಸದ್ದಿಲ್ಲದೆ ಒಳಗೆ ಸೇರಿಕೊಂಡಿತು. ಬಳ್ಳಿ, ಹೂವು, ಎಲೆ, ಕಾಯಿಯ ಗಾತ್ರ ಎಲ್ಲವೂ ಮೊದಲೇ ಗೊತ್ತಿದ್ದ ಬೂದುಗುಂಬಳವನ್ನು ಹೋಲುತ್ತಿದ್ದುದು ಇದಕ್ಕೆ ಕಾರಣವಿದ್ದೀತು.

ಗೋವಾದ ಕೊಂಕಣಿಯಲ್ಲಿ ಸಿಹಿಗುಂಬಳಕ್ಕೆ ದುದಿ ಎನ್ನುತ್ತಾರೆ. ಮರಾಠಿ, ಹಿಂದಿ ಆಡುವ ಅಂಗಡಿಯವರ ಬಳಿ ಹಾಗೆಂದರೆ ಸೋರೆಕಾಯಿ ಚೀಲಕ್ಕೆ ಬೀಳಬಹುದು. ಬೆರಳು ತೋರಿಸಿ ಕೊಳ್ಳುವುದು ಕ್ಷೇಮ. ದಕ್ಷಿಣ ಕನ್ನಡ, ಕಾಸರಗೋಡುಗಳ ಕನ್ನಡ ಮನೆಗಳಲ್ಲಿ ಇದೇ ಚೀನಿಕಾಯಿ, ತುಳುವರಿಗೆ ಕೆಂಬುಡೆ.

ಕಾಯಿ ಬಲಿತಿರಬೇಕು. ತೊಟ್ಟು ಒಣಗಿ ಬಿರಟೆಯಂತಾಗಿರುವ, ಗಾತ್ರಕ್ಕೆ ಹೋಲಿಸಿದರೆ ಭಾರವಾದ, ಸಿಪ್ಪೆಗೆ ಉಗುರು ನಾಟದ ಕಾಯಿ ಒಳ್ಳೆಯದು. ಗೋವಾದ ತರಕಾರಿಯಲ್ಲಿ ದೊಡ್ಡ ಪಾಲು ಬೆಳಗಾವಿಯಿಂದ ಚೋರ್ಲಾ ಮತ್ತು ಅನಮೋಡ ಘಾಟಿಗಳನ್ನು ಇಳಿದು ಬರುತ್ತದೆ. ಗೋವಾ ರಾಜ್ಯ ತೋಟಗಾರಿಕಾ ನಿಗಮವೂ ಬೆಳಗಾವಿಯ ಕಡೆಯಿಂದ ತರಕಾರಿ ತರಿಸಿ, ತನ್ನ ಗೂಡಂಗಡಿಗಳಲ್ಲಿ ರಿಯಾಯಿತಿ ದರಕ್ಕೆ ಮಾರುತ್ತದೆ. ಅಲ್ಲೆಲ್ಲ ಕುಂಬಳ ಹೋಳಾಗಿಯೇ ಸಿಗುವುದರಿಂದ ತೊಟ್ಟು ನೋಡುವ ಅವಕಾಶವಿಲ್ಲ. ಹೋಳಿನ ತಿರುಳು ಒಣಗಿರದೆ, ಬೀಜದ ಸುತ್ತಲ ನಾರು ಲೋಳೆಗಟ್ಟಿರದೆ ಇದ್ದರೆ ಸಾಕು. ಇಡೀ ಕಾಯಿ ಗಾಳಿಯಾಡುವ ಜಾಗದಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಹೋಳು ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ. ಹಸಿ ತಿರುಳಿನ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡುವ ರೂಢಿ ಒಳ್ಳೆಯದು. ಕಹಿ ಇದ್ದರೆ ಅದು ಕುಕುರ್ಬಿಟಾಸಿನ್ ಎಂಬ ವಿಷದ ಲಕ್ಷಣ. ಬೇಯಿಸಿದರೂ ಬೆಲ್ಲ ಹಾಕಿದರೂ ಅದು ಹೋಗದು. ಇಡೀ ಕಾಯಿಯನ್ನು ಎಸೆಯಬೇಕು.

ಕಾಲ

ಗೋವಾದ ಶರತ್ತಿಗೆ ಚಳಿಯಿಲ್ಲ. ಅಕ್ಟೋಬರಿನಲ್ಲಿ ಮಳೆಗಾಲ ಹಿಂಜರಿದ ಕೂಡಲೇ ಬಿಸಿಲು ಚುರುಕಾಗುತ್ತದೆ, ಸೆಕೆ ಏರುತ್ತದೆ. ಸೂಪಿಗೆ ಚಳಿ ಬೇಕೆನ್ನುವವರು ಡಿಸೆಂಬರ್ ತನಕ ಕಾಯಬೇಕು, ಅಷ್ಟರಲ್ಲಿ ಅಂಬಾಡೆ ಮುಗಿಯುತ್ತ ಬಂದಿರುತ್ತದೆ. ಆದರೂ ಇದು ಸುಗ್ಗಿಯ ಕಾಲವೆನ್ನುವುದರಲ್ಲಿ ಸಂಶಯವಿಲ್ಲ. ಚೌತಿಯಲ್ಲಿ ಗಣಪತಿಯ ಮೇಲೆ ಮಾಟೋಳಿ ಕಟ್ಟುತ್ತಾರೆ. ಮರದ ಪಟ್ಟಿಗಳ ಚೌಕಟ್ಟೊಂದನ್ನು ಮಾಡಿನಿಂದ ಇಳಿಬಿಟ್ಟು ಅದಕ್ಕೆ ಅಡಕೆಗೊನೆ, ತೆಂಗಿನಕಾಯಿ, ಬಾಳೆಗೊನೆ, ಚಕ್ಕೋತ, ಅಂಬಾಡೆ, ಸೌತೆ, ಕುಂಬಳದ ಜೊತೆಗೆ ಕಾಡಿನ ಹತ್ತಾರು ಕಾಯಿ, ಹಣ್ಣು, ಗೆಡ್ಡೆಗಳನ್ನು ಬಾಳೆನಾರಿನಿಂದಲೋ ಕಾಡುಬಳ್ಳಿಯಿಂದಲೋ ಬಿಗಿಯುತ್ತಾರೆ. ಸತ್ತರಿ, ಫೋಂಡಾ, ಸಾಂಗೆ ತಾಲ್ಲೂಕುಗಳ ಹಳ್ಳಿಗರು ಕಾಡಿನಿಂದ ತಂದದ್ದನ್ನು ಪೇಟೆಯ ಮಾಟೋಳಿ ಸಂತೆಯಲ್ಲಿ ಮಾರುತ್ತಾರೆ. ರಾಜ್ಯದ ಕಲೆ ಮತ್ತು ಸಂಸ್ಕೃತಿ ನಿರ್ದೇಶನಾಲಯ ಮಾಟೋಳಿ ಸ್ಪರ್ಧೆಯನ್ನೂ ನಡೆಸುತ್ತದೆ. ಈ ಹೊತ್ತಿನಲ್ಲಿ ಯಾವ ಕಾಯಿ ಬಲಿತಿದೆ, ಯಾವ ಹಣ್ಣು ಕಳಿತಿದೆ ಎಂದು ತಿಳಿಯಲು ಮಾಟೋಳಿಗಿಂತ ಒಳ್ಳೆಯ ಪಂಚಾಂಗವಿಲ್ಲ. ಶರತ್ಕಾಲದ ಸೂಪಿಗೆ ಬೇಕಾದ್ದೆಲ್ಲ ದೇವರ ತಲೆಯ ಮೇಲೆಯೇ ತೂಗುತ್ತಿರುತ್ತದೆ.

ಮನೆತನದ ಅಡುಗೆಗಳು

ಈ ಸೂಪಿನ ಹತ್ತಿರದ ಹಿರಿಯರು ಮೂವರು.

ಖತ್ಖತೆ ಹಬ್ಬದ ಕೂಟು. ಕನಿಷ್ಠ ಐದು ತರಕಾರಿ ಇರಬೇಕು, ಉತ್ಸಾಹವಿದ್ದಲ್ಲಿ 21ಕ್ಕೂ ಏರುತ್ತದೆ. ಸಿಹಿಗುಂಬಳ, ಗೆಣಸು, ಬಾಳೆಕಾಯಿ, ಮೂಲಂಗಿ, ನುಗ್ಗೆ, ಸುವರ್ಣಗೆಡ್ಡೆ, ಮೆಕ್ಕೆಜೋಳದ ತುಂಡು ಸಾಮಾನ್ಯ. ತೆಂಗಿನತುರಿ, ಒಣಮೆಣಸು, ಅರಿಸಿನ ರುಬ್ಬಿ ಹಾಕಿ, ಹುಳಿಗೆ ಒಣಕೋಕಂ, ಸಿಹಿಗೆ ಬೆಲ್ಲ, ಕೊನೆಗೆ ತಿರ್ಫಳ (ಜುಮ್ಮನಕಾಯಿ) ಬಿಡುತ್ತಾರೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಕುಂಬಳದ ಹೋಳು ಅರ್ಧಕ್ಕರ್ಧ ಕರಗಿ ರಸವನ್ನು ಮಂದ ಮಾಡುತ್ತದೆ, ಉಳಿದ ತರಕಾರಿ ಅದರಲ್ಲಿ ತೇಲುತ್ತದೆ. ಒಳ್ಳೆಯ ಖತ್ಖತೆಯ ತಳದಲ್ಲಿ ಉಳಿಯುವ ಆ ಕೇಸರಿ ರಸವನ್ನು ಒಮ್ಮೆ ಬೆರಳಲ್ಲಿ ನೆಕ್ಕಿದವರಿಗೆ ಕುಂಬಳದ ಸೂಪಿನ ರುಚಿ ಬೇರೆಯಾಗಿ ಹೇಳಬೇಕಾಗಿಲ್ಲ.

ವಳವಳ ಗೌಡ ಸಾರಸ್ವತರ ಮದುವೆ, ದೇವಸ್ಥಾನದ ಊಟದ ಅಡುಗೆ. ಬೂದುಗುಂಬಳ, ಸಿಹಿಗುಂಬಳ, ಅಲಸಂದೆ, ತೊಂಡೆಕಾಯಿ ಮುಂತಾದವನ್ನು ತೆಂಗಿನ ನೀರುಹಾಲಿನಲ್ಲಿ ಬೇಯಿಸಿ, ಸೀಳಿದ ಹಸಿಮೆಣಸು ಹಾಕಿ, ಕೊನೆಗೆ ಗಟ್ಟಿಹಾಲು ಬಿಟ್ಟು, ಸಾಸಿವೆ ಜೀರಿಗೆ ಕರಿಬೇವಿನ ಒಗ್ಗರಣೆ ಕೊಡುತ್ತಾರೆ. ಹಾಲು ಒಡೆಯದಿರಲೆಂದು ಒಂದೆರಡು ಚಮಚ ಹಿಟ್ಟನ್ನು ಕದಡಿ ಹಾಕುವುದುಂಟು. ಅರಿಸಿನವಿಲ್ಲ, ಹುಳಿಯಿಲ್ಲ. ಕೆನೆಯಂಥ ಬಿಳುಪು, ಮೆತ್ತನೆಯ ರುಚಿ. ಗೋವಾದಲ್ಲಿ 1560ರಲ್ಲಿ ಪೋರ್ಚುಗೀಸರ ಧಾರ್ಮಿಕ ವಿಚಾರಣಾ ನ್ಯಾಯಾಲಯವಾದ ಇನ್‌ಕ್ವಿಸಿಶನ್ ಸ್ಥಾಪನೆಯಾದ ಮೇಲೆ ದಕ್ಷಿಣಕ್ಕೆ ವಲಸೆ ಹೆಚ್ಚಿತು. ಕಾರವಾರ, ಕುಮಟಾ, ಮಂಗಳೂರು, ಮಂಜೇಶ್ವರ, ಕೊಚ್ಚಿಗಳಲ್ಲಿ ನೆಲೆಸಿದ ಸಾರಸ್ವತರು ಇಂಥ ಅಡುಗೆಗಳನ್ನು ಜೊತೆಗೊಯ್ದರು. ಕೇರಳದ ಓಲನ್ ಇದರ ನೆರೆಯ ಬಂಧು: ಬೂದುಗುಂಬಳ, ಸಿಹಿಗುಂಬಳ, ಅಲಸಂದೆ ಕಾಳು, ತೆಂಗಿನ ಹಾಲು. ಕಾಸರಗೋಡಿನ ಕನ್ನಡ ಮನೆಗಳಲ್ಲಿ ಎರಡೂ ಪರಿಚಿತ.

ಸಾಸಂವ್ ಹಣ್ಣಿನ ಅಡುಗೆ. ನಾರಿನ ಸಣ್ಣ ಮಾವಿನಹಣ್ಣನ್ನೋ, ಅನಾನಸು ದ್ರಾಕ್ಷಿಗಳನ್ನೋ, ಹಣ್ಣಾದ ಅಂಬಾಡೆಯನ್ನೋ ತೆಂಗಿನತುರಿ, ಸಾಸಿವೆ, ಒಣಮೆಣಸಿನ ಅರೆತಕ್ಕೆ ಹಾಕಿ ಬೆಲ್ಲದಲ್ಲಿ ಹದಗೊಳಿಸುತ್ತಾರೆ. ಉಡುಪಿ, ಮಂಗಳೂರಿನ ಕಡೆಯ ಸಾಸಿವೆ ಮತ್ತು ಅನಾನಸಿನ ಮೆಣಸ್ಕಾಯಿ ಇದೇ ಜಾಡಿನವು. ಹಣ್ಣನ್ನು ಊಟದ ನಡುವೆ ಉಪ್ಪು ಖಾರದ ಜೊತೆ ತಿನ್ನುವುದು ಕರಾವಳಿಗರಿಗೆ ಹೊಸತೇನಲ್ಲ. ಘಟ್ಟದ ಮೇಲಿನವರಿಗೆ ಸೂಪಿನಲ್ಲಿ ಅನಾನಸು ಎಂದಾಗ ಮುಖ ಕಿವುಚುವಂತಾದರೆ, ಮದುವೆ ಮನೆಯ ಅನಾನಸು ಗೊಜ್ಜನ್ನು ನೆನೆದರಾಯಿತು.

ಸೂಪೆಂಬ ರೂಪ ಬಂದದ್ದು ಕ್ಯಾಥೊಲಿಕ್ ಮನೆಗಳ ಮೂಲಕ. ಪೋರ್ಚುಗಲ್ಲಿನಲ್ಲಿ ಕುಂಬಳದ ಸೂಪು ಇಂದಿಗೂ ದಿನನಿತ್ಯದ್ದು. ಆಲೂಗಡ್ಡೆ ಸೇರಿಸಿ ಮಂದ ಮಾಡಿ ಆಲಿವ್ ಎಣ್ಣೆ ಬಿಡುತ್ತಾರೆ. ಗೋವಾದ ಸ್ಥಿತಿವಂತ ಕ್ಯಾಥೊಲಿಕ್ ಮನೆಗಳಲ್ಲಿ ಸೂಪಿನಿಂದಲೇ ಊಟ ಆರಂಭಿಸುವ ಪದ್ಧತಿ ಬೇರೂರಿತು. ಕಾಲ್ದೊ ವೆರ್ದೆ, ಸೋಪಾ ಗ್ರೋಸಾ ಎಂಬ ಹೆಸರುಗಳು ಅಲ್ಲಿನವು. ಇದು ಒಂದೇ ದಿಕ್ಕಿನ ವ್ಯವಹಾರವಾಗಿರಲಿಲ್ಲ. ಗೋವಾದಲ್ಲಿ ವೈದ್ಯನಾಗಿದ್ದ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲೇ ಅಚ್ಚಾದ ತನ್ನ ಸಂವಾದ ರೂಪದ ಗ್ರಂಥದಲ್ಲಿ, ರೋಗಿಗೆ ಮೆಣಸು ಜೀರಿಗೆ ಹಾಕಿದ ಅಕ್ಕಿಗಂಜಿಯ ತಿಳಿ ಕೊಡುವ ಇಲ್ಲಿನ ಪದ್ಧತಿಯನ್ನು ದಾಖಲಿಸಿದ್ದಾನೆ. ಆ ಗಂಜಿಯೇ ‘ಕಾಂಜಾ’ ಆಗಿ, ಕೋಳಿಯ ಜೊತೆಗೂಡಿ, ಪೋರ್ಚುಗೀಸರ ಮನೆಯ ಸೂಪಾಯಿತು. ನಮ್ಮ ಗಂಜಿ ಅಲ್ಲಿಗೆ, ಅಲ್ಲಿನ ಸೂಪು ಇಲ್ಲಿಗೆ.

ಹಣ್ಣಿನ ಆಯ್ಕೆ

ಇಡೀ ಸೂಪಿನ ಹದ ನಿಂತಿರುವುದು ಇಲ್ಲಿ. ಕುಂಬಳದಲ್ಲಿ ಸಿಹಿಯಿದೆ, ಹಿಟ್ಟಿನಂಶವಿದೆ, ಬಣ್ಣವಿದೆ, ಹುಳಿಯಿಲ್ಲ. ಬರೀ ಕೆನೆ ಸೇರಿಸಿದರೆ ಮೂರನೆಯ ಚಮಚಕ್ಕೆ ಬಾಯಿ ಕಟ್ಟುತ್ತದೆ. ಹಣ್ಣು ಬೇಕಾಗಿರುವುದು ಇನ್ನಷ್ಟು ಸಿಹಿಗಾಗಿ ಅಲ್ಲ, ಹುಳಿಗಾಗಿ. ಪರದೇಶದ ಪಾಕಗಳಲ್ಲಿ ಹುಳಿಸೇಬನ್ನು ಆರಿಸುವುದರ ಗುಟ್ಟೂ ಇದೇ. ಸಪ್ಪೆ ಸಿಹಿಯ ಚಿಕ್ಕು, ಬಾಳೆಹಣ್ಣು, ಪಪ್ಪಾಯಿ ಹಾಕಿದರೆ ಸೂಪು ಪಾಯಸದ ಕಡೆಗೆ ವಾಲುತ್ತದೆ, ಪಾಯಸವೂ ಆಗುವುದಿಲ್ಲ.

ಅಂಬಾಡೆ ಮೊದಲ ಆಯ್ಕೆ. ಎಳೆಯದಾದರೆ ಬರೀ ಹುಳಿ ಮತ್ತು ಒಗರು; ಹಳದಿಗೆ ತಿರುಗಿದ ಹಣ್ಣಿನಲ್ಲಿ ಮಾವಿನ ಪರಿಮಳವೂ ಸಿಹಿಯೂ ಇರುತ್ತವೆ. ಒಳಗಿನ ಓಟೆಯ ಸುತ್ತ ಮುಳ್ಳಿನಂಥ ನಾರು ಇರುವುದರಿಂದ ನೇರವಾಗಿ ಮಿಕ್ಸಿಗೆ ಹಾಕಬಾರದು. ಬೇಯಿಸಿ, ಆರಿಸಿ, ಕೈಯಿಂದ ಹಿಂಡಿ ರಸ ತೆಗೆಯಬೇಕು. ಗೋವಾದವರು ಅಂಬಾಡೆಯಿಂದ ಉದ್ದು ಮೆಂತ್ಯದ ಉದ್ದಮೇತಿ ಮಾಡುವುದು ಪ್ರಸಿದ್ಧ. ಅದರಲ್ಲಿ ಹಣ್ಣನ್ನು ಇಡಿಯಾಗಿ ಬಿಟ್ಟು ತಿನ್ನುವಾಗ ಚೀಪುತ್ತಾರೆ. ಸೂಪಿನಲ್ಲಿ ಚೀಪುವಂತಿಲ್ಲ.

ಅನಾನಸು ಸುಲಭ, ವರ್ಷವಿಡೀ ಸಿಗುತ್ತದೆ. ಅದರಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿದ್ದು ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಬಿಸಿ ತಾಗಿದರೆ ಕಿಣ್ವ ಸಾಯುತ್ತದೆ. ಆದ್ದರಿಂದ ಅನಾನಸನ್ನು ಮೊದಲೇ ಬಾಣಲೆಯಲ್ಲಿ ಬೇಯಿಸಿಕೊಳ್ಳಬೇಕು, ಹಸಿ ಹೋಳನ್ನು ಕೊನೆಗೆ ಸುರಿಯಬಾರದು. ಸೇಬು ಗೋವಾದ ಬೆಳೆಯಲ್ಲ, ಆದರೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಕಾಶ್ಮೀರ, ಹಿಮಾಚಲದ ಹೊಸ ಸೇಬು ಮಾಪ್ಸಾ, ಮಡಗಾಂವ್ ಮಾರುಕಟ್ಟೆಗಳಿಗೆ ಬಂದಿರುತ್ತದೆ. ಅದರ ಪೆಕ್ಟಿನ್ ಸೂಪಿಗೆ ನುಣುಪು ಕೊಡುತ್ತದೆ, ಹುಳಿ ಸಾಲದಿದ್ದರೆ ನಿಂಬೆ ಹಿಂಡಬೇಕಾಗುತ್ತದೆ.

ಕೋಕಂ ವಿಷಯದಲ್ಲಿ ಎಚ್ಚರ ಬೇಕು. ನಮ್ಮಲ್ಲಿ ಮುರುಗಲು, ಪುನರ್ಪುಳಿ ಎಂದು ಕರೆಯುವ ಈ ಹಣ್ಣಿನ ಒಣಸಿಪ್ಪೆ ಗೋವಾದವರಿಗೆ ಸೋಲ್, ಉಪ್ಪು ಬೆರೆತ ರಸ ಆಗೋಳ್. ಹುಳಿ ತೀಕ್ಷ್ಣ, ಬಣ್ಣ ದಟ್ಟ ಕೆಂಪು. ಖತ್ಖತೆಯಲ್ಲಿ ಅದು ಶೋಭಿಸುತ್ತದೆ. ಕೇಸರಿ ಸೂಪಿನೊಳಗೆ ಕುದಿಸಿದರೆ ಮಾತ್ರ ಬಣ್ಣ ಕೆಸರಿನಂತಾಗಿ ಅಷ್ಟು ಹೊತ್ತಿನ ಶ್ರಮ ನೀರುಪಾಲು. ಬಟ್ಟಲಿಗೆ ಬಗ್ಗಿಸಿದ ಮೇಲೆ ನಾಲ್ಕು ಹನಿ ಆಗೋಳ್ ಬಿಟ್ಟರೆ ಕಣ್ಣಿಗೂ ಚೆಂದ, ನಾಲಿಗೆಗೂ ಹಿತ.

ಕರಂಬಲ (ನಕ್ಷತ್ರಹುಳಿ) ಮತ್ತು ಬಿಂಬ್ಲಿ ಗೋವಾದ ಹಿತ್ತಲುಗಳಲ್ಲಿ ಧಾರಾಳ. ಕರಂಬಲ ಹಣ್ಣಿನ ಪ್ರಸ್ತಾಪ ಗಾರ್ಸಿಯಾನ ಪುಸ್ತಕದಲ್ಲಿಯೂ ಇದೆ. ಎರಡರಲ್ಲೂ ಆಕ್ಸಾಲಿಕ್ ಆಮ್ಲ ಹೆಚ್ಚು. ನಕ್ಷತ್ರಹುಳಿಯಲ್ಲಿ ನರಮಂಡಲಕ್ಕೆ ವಿಷವಾಗುವ ಇನ್ನೊಂದು ಅಂಶವೂ ಇರುವುದರಿಂದ ಮೂತ್ರಪಿಂಡದ ತೊಂದರೆ ಇರುವವರು ಅದನ್ನು ತಿನ್ನಲೇಬಾರದು. ನೆಂಟರಿಗೆ ಬಡಿಸುವ ಸೂಪಿನಲ್ಲಿ ಇವನ್ನು ಬಳಸದಿರುವುದೇ ಸರಿ. ಚಕ್ಕೋತವನ್ನು ಬೇಯಿಸಿದರೆ ಕಹಿಯಾಗುತ್ತದೆ, ಬಿಡಿಸಿದ ತೊಳೆಯನ್ನು ಮೇಲೆ ಉದುರಿಸಬಹುದು.

ತೆಂಗಿನ ಹಾಲು

ಕೆನೆಯ ಕೆಲಸವನ್ನು ಗೋವಾದಲ್ಲಿ ತೆಂಗಿನ ಹಾಲು ಮಾಡುತ್ತದೆ. ಕೊಂಕಣಿಯಲ್ಲಿ ರೋಸ್. ಬಲಿತ ಕಾಯಿಯ ತುರಿಗೆ ಉಗುರುಬೆಚ್ಚನೆಯ ನೀರು ಹಾಕಿ ರುಬ್ಬಿ ಹಿಂಡಿದ ಮೊದಲ ಹಾಲು ಗಟ್ಟಿ. ಅದೇ ಹಿಂಡಿಗೆ ಮತ್ತೆ ನೀರು ಹಾಕಿ ತೆಗೆದದ್ದು ನೀರುಹಾಲು. ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಡಬ್ಬಿಯ ತೆಂಗಿನ ಹಾಲಿನಲ್ಲಿ ಕನಿಷ್ಠ ಶೇ. 10ರಷ್ಟು, ತೆಂಗಿನ ಕೆನೆಯಲ್ಲಿ ಶೇ. 20ರಷ್ಟು ಕೊಬ್ಬಿರಬೇಕು. ಡಬ್ಬಿಯದು ಒಡೆಯುವುದು ಕಡಿಮೆ, ಹಾಲನ್ನು ಹಿಡಿದಿಡುವ ಪದಾರ್ಥಗಳನ್ನು ಸೇರಿಸಿರುತ್ತಾರೆ. ಪರಿಮಳದಲ್ಲಿ ಆಗಷ್ಟೇ ಹಿಂಡಿದ ಹಾಲಿಗೆ ಅದು ಸಾಟಿಯಲ್ಲ.

ತೆಂಗಿನ ಹಾಲೆಂದರೆ ನೀರಿನಲ್ಲಿ ಎಣ್ಣೆಯ ಸೂಕ್ಷ್ಮ ಹನಿಗಳು. ಅವನ್ನು ಒಂದಕ್ಕೊಂದು ಅಂಟದಂತೆ ತಡೆಯುವುದು ತೆಂಗಿನದೇ ಪ್ರೋಟೀನು. ಕುದಿ ಹೆಚ್ಚಾದರೂ ಹುಳಿ ಹೆಚ್ಚಾದರೂ ಆ ಪ್ರೋಟೀನು ಮುದುಡಿ ಹಾಲು ಒಡೆಯುತ್ತದೆ. ಹುಳಿಹಣ್ಣಿನ ಸೂಪಿನಲ್ಲಿ ಎರಡು ಅಪಾಯವೂ ಒಟ್ಟಿಗಿವೆ. ಇದಕ್ಕೆ ಮನೆಯಾಕೆಯರು ಕಂಡುಕೊಂಡ ಉಪಾಯ ಸರಳ: ಹುಳಿಯನ್ನು ನೀರುಹಾಲಿನಲ್ಲೇ ಪೂರ್ತಿ ಬೇಯಿಸಿ, ಕುಂಬಳದ ಹಿಟ್ಟಿನಂಶದಲ್ಲಿ ಬೆರೆಸಿ, ಗಟ್ಟಿಹಾಲನ್ನು ಎಲ್ಲಕ್ಕಿಂತ ಕೊನೆಗೆ ಸಣ್ಣ ಉರಿಯಲ್ಲಿ ಬಿಡುವುದು. ಹಸುವಿನ ಹಾಲಿನ ಕೆನೆ ಬಳಸುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಕುಂಬಳದ ಬಣ್ಣಕ್ಕೆ ಕಾರಣವಾದ ಬೀಟಾ ಕೆರೊಟಿನ್ ದೇಹಕ್ಕೆ ಒಗ್ಗಬೇಕಾದರೆ ಕೊಬ್ಬು ಬೇಕು. ಈ ಲೆಕ್ಕದಲ್ಲೂ ತೆಂಗು ಕುಂಬಳಕ್ಕೆ ಒಳ್ಳೆಯ ಜೊತೆ.

ಮಾಡುವ ಬಗೆ

ನಾಲ್ಕು ಜನರಿಗೆ: ಸಿಪ್ಪೆ, ಬೀಜ ತೆಗೆದ ಕುಂಬಳ ಅರ್ಧ ಕಿಲೊ (ಸಿಪ್ಪೆಸಹಿತ 650-700 ಗ್ರಾಂ ಕೊಳ್ಳಬೇಕು), ಅನಾನಸು 150 ಗ್ರಾಂ ಅಥವಾ ಹಣ್ಣಾದ ಅಂಬಾಡೆ ನಾಲ್ಕೈದು, ದೊಡ್ಡ ತೆಂಗಿನಕಾಯಿ ಒಂದು, ಮಧ್ಯಮ ಗಾತ್ರದ ಈರುಳ್ಳಿ ಒಂದು, ಶುಂಠಿ ಒಂದು ಅಂಗುಲ, ಹಸಿಮೆಣಸು ಒಂದು, ತೆಂಗಿನ ಎಣ್ಣೆ ಒಂದೂವರೆ ಚಮಚ, ಉಪ್ಪು, ಕಾಳುಮೆಣಸು, ಇಷ್ಟವಿದ್ದರೆ ಅಡಕೆ ಗಾತ್ರದ ಬೆಲ್ಲ. ಗೋವಾದಲ್ಲಿ ಪಿರಮಿಡ್ಡಿನ ಆಕಾರದಲ್ಲಿ ಮಾರುವ ಕಪ್ಪು ತೆಂಗಿನ ಬೆಲ್ಲ ಸಿಕ್ಕರೆ ಅದು ಉತ್ತಮ, ಹೊಗೆಯ ವಾಸನೆಯಿರುತ್ತದೆ.

ಮೊದಲು ಕಾಯಿತುರಿಯಿಂದ ಒಂದು ಲೋಟ ಗಟ್ಟಿಹಾಲು, ಎರಡು ಲೋಟ ನೀರುಹಾಲು ತೆಗೆದು ಬೇರೆಬೇರೆ ಇಡಬೇಕು.

ಕುಂಬಳವನ್ನು ನೇರವಾಗಿ ನೀರಿನಲ್ಲಿ ಬೇಯಿಸುವುದು ವಾಡಿಕೆ. ಆದರೆ ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಇರುವುದರಿಂದ ಸೂಪು ಸಪ್ಪೆಯಾಗುತ್ತದೆ. ಓವನ್ ಇದ್ದವರು ಹುರಿದುಕೊಳ್ಳುತ್ತಾರೆ. ಇಲ್ಲದವರಿಗೆ ದೋಸೆಯ ಕಾವಲಿ ಸಾಕು. ಮೆಟ್ಟುಗತ್ತಿಯಲ್ಲಿ ಅರ್ಧ ಅಂಗುಲದ ಬಿಲ್ಲೆಗಳನ್ನು ಕೊಯ್ದು, ಎಣ್ಣೆ ಸವರಿದ ಕಾವಲಿಯ ಮೇಲೆ ಒತ್ತೊತ್ತಾಗಿ ಹರಡಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿಡಬೇಕು. ಮೊದಲು ಬಿಲ್ಲೆಗಳು ಬೆವರುತ್ತವೆ, ಕಾವಲಿ ಸುಯ್ಯೆನ್ನುತ್ತದೆ. ಆ ಸದ್ದು ತಗ್ಗಿ ಅಂಚು ಕಂದುಬಣ್ಣಕ್ಕೆ ತಿರುಗಿ, ಸುಟ್ಟ ಗೆಣಸಿನ ವಾಸನೆ ಬರುವಾಗ ಮಗುಚಬೇಕು. ಒಂದೊಂದು ಮಗ್ಗುಲಿಗೆ ಎಂಟು ಹತ್ತು ನಿಮಿಷ. ಕಪ್ಪಾಗಿ ಕರಕಲಾದ ಭಾಗವನ್ನು ಕೆರೆದು ತೆಗೆಯಬೇಕು, ಕಂದು ಭಾಗವನ್ನಲ್ಲ.

ದಪ್ಪ ತಳದ ಪಾತ್ರೆಯಲ್ಲಿ ಉಳಿದ ಎಣ್ಣೆ ಕಾಯಿಸಿ ಈರುಳ್ಳಿ, ಶುಂಠಿ, ಸೀಳಿದ ಹಸಿಮೆಣಸು ಬಾಡಿಸಬೇಕು; ಈರುಳ್ಳಿ ಪಾರದರ್ಶಕವಾದರೆ ಸಾಕು, ಕೆಂಪಾಗುವುದು ಬೇಡ. ಅನಾನಸಿನ ಚೂರುಗಳನ್ನು ಹಾಕಿ, ಚಿಟಿಕೆ ಉಪ್ಪು ಉದುರಿಸಿ, ರಸ ಬಿಟ್ಟು ಮತ್ತೆ ಇಂಗುವ ತನಕ ಐದಾರು ನಿಮಿಷ ಬೇಯಿಸಬೇಕು. ಅಂಬಾಡೆಯಾದರೆ ಬೇರೆ ಪಾತ್ರೆಯಲ್ಲಿ ಸ್ವಲ್ಪ ನೀರಲ್ಲಿ ಬೇಯಿಸಿ ಹಿಂಡಿಟ್ಟ ರಸವನ್ನು ಈಗ ಸೇರಿಸಬೇಕು, ಒಮ್ಮೆಲೇ ಅಷ್ಟನ್ನೂ ಬೇಡ, ಅರ್ಧ ಉಳಿಸಿಕೊಂಡು ಕೊನೆಗೆ ರುಚಿ ನೋಡಿ ಹಾಕುವುದು ಜಾಣತನ. ಕುಂಬಳದ ಬಿಲ್ಲೆ, ನೀರುಹಾಲು ಸೇರಿಸಿ, ಮುಚ್ಚಳ ಓರೆಯಾಗಿಟ್ಟು ಹದಿನೈದು ನಿಮಿಷ ಕುದಿಸಿದರೆ ಎಲ್ಲವೂ ಹಣ್ಣಾಗುತ್ತದೆ.

ಆರಿದ ಮೇಲೆ ರುಬ್ಬಬೇಕು. ಸುಡುವ ಸೂಪನ್ನು ಮಿಕ್ಸಿಯ ಜಾರಿಗೆ ತುಂಬಿ ಮುಚ್ಚಳ ಬಿಗಿದರೆ ಹಬೆಯ ಒತ್ತಡಕ್ಕೆ ಮುಚ್ಚಳ ಹಾರಿ ಕೈ, ಮುಖ ಸುಡುವುದುಂಟು. ಬೆಚ್ಚಗಿರುವಾಗ, ಜಾರು ಅರ್ಧ ಮಾತ್ರ ತುಂಬಿ, ಎರಡು ಮೂರು ಸಲ ರುಬ್ಬುವುದು ಒಳಿತು. ರಗಡೊ (ರುಬ್ಬುಗುಂಡು) ಇರುವ ಮನೆಗಳಲ್ಲಿ ಅದರಲ್ಲೇ ಅರೆದದ್ದು ಇನ್ನೂ ನುಣ್ಣಗೆ, ಆದರೆ ಅಷ್ಟು ಹೊತ್ತು ಕೂರುವವರು ಈಗ ಕಡಿಮೆ. ಅನಾನಸಿನ ನಾರು ಉಳಿದಿರುತ್ತದೆ; ಜರಡಿಯಲ್ಲಿ ಸೋಸಲೇಬೇಕು.

ಮತ್ತೆ ಪಾತ್ರೆಗೆ ಹಾಕಿ ಬಿಸಿ ಮಾಡಿ, ಉಪ್ಪು ಹುಳಿ ನೋಡಿ, ಉರಿ ತೀರ ಸಣ್ಣದು ಮಾಡಿ ಗಟ್ಟಿಹಾಲನ್ನು ಎಳೆಯಾಗಿ ಬಿಡುತ್ತ ಒಂದೇ ದಿಕ್ಕಿಗೆ ತಿರುವಬೇಕು. ಪಾತ್ರೆಯ ಅಂಚಿನಲ್ಲಿ ಸೂಪು ಸಣ್ಣಗೆ ನಡುಗತೊಡಗಿ, ನಡುಭಾಗ ಇನ್ನೂ ಸುಮ್ಮನಿರುವ ಘಳಿಗೆಯಲ್ಲಿ ಒಲೆ ಆರಿಸಬೇಕು. ಬುಳುಬುಳು ಗುಳ್ಳೆ ಎದ್ದರೆ ತಡವಾಯಿತೆಂದೇ ಅರ್ಥ. ಚಮಚದ ಬೆನ್ನಿಗೆ ಹತ್ತಿದ ಸೂಪಿನಲ್ಲಿ ಬೆರಳಿನಿಂದ ಗೆರೆ ಎಳೆದಾಗ ಗೆರೆ ಕೂಡದೆ ನಿಂತರೆ ಹದ ಸರಿಯಾಗಿದೆ.

ಈರುಳ್ಳಿ ಒಲ್ಲದ ದಿನ, ಹಬ್ಬದ ದಿನ, ತಿರ್ಫಳ ಬಳಸಬಹುದು. ನಮ್ಮ ಮಲೆನಾಡು ಕರಾವಳಿಯ ಜುಮ್ಮನಕಾಯಿ ಇದೇ. ಒಣಕಾಯಿ ಬಿರಿದು ಒಳಗೆ ಕಪ್ಪಗೆ ಹೊಳೆಯುವ ಬೀಜ ಕಾಣುತ್ತದೆ. ಬೀಜ ಎಸೆದು ಸಿಪ್ಪೆ ಮಾತ್ರ ಇಟ್ಟುಕೊಳ್ಳಬೇಕು. ಆರೇಳು ಸಿಪ್ಪೆಗಳನ್ನು ಜಜ್ಜಿ, ಎರಡು ಚಮಚ ನೀರಲ್ಲಿ ಕಿವುಚಿ, ಒಲೆ ಆರಿಸಿದ ಕೂಡಲೇ ಆ ನೀರನ್ನು ಸೂಪಿಗೆ ಬಿಟ್ಟು ಮುಚ್ಚಿಡುವುದು. ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ನಾಲಿಗೆಯ ತುದಿ ಜುಮ್ಮೆನ್ನುವ ಅದರ ಗುಣ ಕುಂಬಳದ ಸಿಹಿಯ ಮೇಲೆ ಚೆನ್ನಾಗಿ ಕೂರುತ್ತದೆ. ದಾಲ್ಚಿನ್ನಿ, ಜಾಯಿಕಾಯಿ ಹಾಕುವ ಪಾಶ್ಚಾತ್ಯ ರೂಢಿಗಿಂತ ಇದು ಮೇಲು ಎನ್ನಲು ಅಡ್ಡಿಯಿಲ್ಲ.

ಕೆಟ್ಟಾಗ ತಿದ್ದುವುದು

ಸಿಹಿ ಹೆಚ್ಚಾದರೆ ಖಾರ ಸುರಿಯುವುದು ಸಾಮಾನ್ಯ ತಪ್ಪು. ಬೇಕಾದ್ದು ಉಪ್ಪು ಮತ್ತು ಹುಳಿ. ಹಾಲು ಒಡೆದು ಎಣ್ಣೆ ಮೇಲೆ ತೇಲಿದರೆ ಎರಡು ಚಮಚ ಅನ್ನ ಸೇರಿಸಿ ಮತ್ತೆ ರುಬ್ಬಿದಾಗ ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ; ವಳವಳಕ್ಕೆ ಹಿಟ್ಟು ಕದಡುವುದರ ಹಿಂದೆ ಇರುವುದು ಇದೇ ತತ್ತ್ವ. ನೀರಾಗಿದ್ದರೆ ಗಟ್ಟಿಹಾಲು ಹಾಕುವ ಮೊದಲೇ ಮುಚ್ಚಳ ತೆಗೆದು ಬತ್ತಿಸಬೇಕು. ಹಾಲು ಹಾಕಿದ ಮೇಲೆ ಬತ್ತಿಸಲು ಹೊರಟರೆ ಇದ್ದದ್ದೂ ಹೋಗುತ್ತದೆ.

ಬಡಿಸುವುದು

ಗೋವಾದಲ್ಲಿ ಇದಕ್ಕೆ ಪೊಯಿ ಒಳ್ಳೆಯ ಜೊತೆ. ಪೊದೆರ್ (ರೊಟ್ಟಿ ಮಾರುವವ) ಬೆಳಗ್ಗೆ ಸಂಜೆ ಸೈಕಲ್ಲಿನಲ್ಲಿ ಮನೆಬಾಗಿಲಿಗೆ ತರುವ, ತೌಡು ಹಚ್ಚಿದ, ಒಳಗೆ ಟೊಳ್ಳಾದ ಈ ರೊಟ್ಟಿಯನ್ನು ಹರಿದು ಅದ್ದಿ ತಿನ್ನಬಹುದು. ಅನ್ನದ ಮೇಲೆ ಹಾಕಿಕೊಳ್ಳುವವರೂ ಇದ್ದಾರೆ, ತಪ್ಪೇನಿಲ್ಲ. ಮೇಲಿನ ಅಲಂಕಾರಕ್ಕೆ ಹುರಿದ ಕುಂಬಳದ ಬೀಜ, ಗೋಡಂಬಿ ಚೂರು, ತೆಂಗಿನ ಎಣ್ಣೆಯಲ್ಲಿ ಚಟಪಟಿಸಿದ ಸಾಸಿವೆ ಕರಿಬೇವು ಇವುಗಳಲ್ಲಿ ಯಾವುದಾದರೂ ಒಂದು ಸಾಕು.

2011ರ ಜನಗಣತಿಯಂತೆ ಗೋವಾದಲ್ಲಿ ಕನ್ನಡವನ್ನು ತಾಯ್ನುಡಿಯೆಂದವರು ಶೇ. 4.5ಕ್ಕೂ ಹೆಚ್ಚು. ವಾಸ್ಕೊ, ಝುವಾರಿನಗರ, ಮಾಪ್ಸಾ ಸುತ್ತಮುತ್ತ ನೆಲೆಸಿದ ಇವರಲ್ಲಿ ಉತ್ತರ ಕರ್ನಾಟಕದವರು ಬಹಳ. ಆ ಕಡೆಯವರಿಗೆ ಕುಂಬಳವೆಂದರೆ ಮೊದಲು ನೆನಪಾಗುವುದು ಬೆಲ್ಲ ಹಾಕಿ ಕರಿದ ಗಾರಿಗೆ; ಕುಂಬಳಕ್ಕೆ ಬೆಲ್ಲ ಸೇರಿಸುವ ಅವರ ಕೈಗೆ ಈ ಸೂಪಿನಲ್ಲಿ ಸಿಹಿಯನ್ನು ತಗ್ಗಿಸಬೇಕಾದ ಕೆಲಸ ಬೀಳುತ್ತದೆ. ಕರಾವಳಿಯಿಂದ ಬಂದವರಿಗೆ ಅದು ರೂಢಿ.

ಗಟ್ಟಿಹಾಲು ಬೆರೆತ ಸೂಪು ಗೋವಾದ ಸೆಕೆಯಲ್ಲಿ ಹೊರಗಿಟ್ಟರೆ ಕೆಲವೇ ಗಂಟೆಗಳಲ್ಲಿ ಹಳಸುತ್ತದೆ. ಮುಂದಿನ ದಿನಕ್ಕೆ ಬೇಕೆನ್ನುವವರು ಹಾಲು ಹಾಕುವ ಮೊದಲಿನ ಅರೆತವನ್ನೇ ತೆಗೆದು ಫ್ರಿಜ್ಜಿನಲ್ಲಿಟ್ಟು, ಬಡಿಸುವ ಹೊತ್ತಿಗೆ ಹೊಸ ಹಾಲು ಹಿಂಡಿಕೊಳ್ಳಬೇಕು. ಮಿಕ್ಕ ಅರೆತಕ್ಕೆ ಅಕ್ಕಿಹಿಟ್ಟು, ಜೀರಿಗೆ, ಹಸಿಮೆಣಸು ಕಲಸಿ ಕಾವಲಿಯ ಮೇಲೆ ಹುಯ್ದರೆ ಬೆಳಗಿನ ದೋಸೆಯಾಗುತ್ತದೆ. ಹಣ್ಣಿನ ಸಕ್ಕರೆಯಿಂದ ಬೇಗ ಸೀಯುವುದರಿಂದ ಉರಿ ಸಣ್ಣದಿರಬೇಕು.